ಬಲಗೈಯ ಕಾವು

ಕತ್ರಿಗುಪ್ಪೆಯ ಆ ಬೀದಿಯಲ್ಲಿ ಮಗುವಿಗೆ ಮೈ ಬೆಚ್ಚಗಾದರೆ ತಾಯಂದಿರು ಮೊದಲು ಡಾಕ್ಟರ ಹತ್ತಿರ ಓಡುತ್ತಿರಲಿಲ್ಲ. ಪಾತ್ರೆ ಅಂಗಡಿ ಕರಿಬಸವಯ್ಯನ ಮನೆಯ ಜಗಲಿಗೆ ಬಂದು, ಅವನ ಅಕ್ಕ ಬಸವಲಿಂಗಮ್ಮನ ಮುಂದೆ ಮಗುವನ್ನು ಹಿಡಿಯುತ್ತಿದ್ದರು. ಎಪ್ಪತ್ತನಾಲ್ಕು ವರ್ಷದ ಮುದುಕಿ ಅಂಗೈ ಮಗುಚಿ, ಕೈಯ ಹಿಂಬದಿಯನ್ನು ಕೂಸಿನ ಹಣೆಗೆ, ಆಮೇಲೆ ಕತ್ತಿಗೆ, ಆಮೇಲೆ ಹೊಟ್ಟೆಗೆ ತಾಗಿಸಿ, ಕಣ್ಣು ಅರ್ಧ ಮುಚ್ಚಿ ತೀರ್ಪು ಕೊಡುತ್ತಿದ್ದಳು. "ಇದು ಹಲ್ಲು ಬರೋ ಕಾವು, ಎತ್ಕೊಂಡು ಹೋಗೇ." "ಇದು ಜ್ವರ, ರಗ್ಗು ಹೊದ್ದಿಸಿ ಬೆವರಿಳಿಸು." ಹತ್ತರಲ್ಲಿ ಒಂಬತ್ತು ಸಲ ಅವಳ ಮಾತು ಹುಸಿಯಾಗುತ್ತಿರಲಿಲ್ಲ. ಹತ್ತನೆಯದನ್ನು ಬೀದಿಯವರು ಮರೆತುಬಿಡುತ್ತಿದ್ದರು. ಅವಳಂತೂ ನೆನಪಿಟ್ಟುಕೊಂಡವಳೇ ಅಲ್ಲ.

ಆ ಕೈಗೆ ಅಷ್ಟು ಜಂಬ ಬರಲು ಕಾರಣವಿತ್ತು. ಗುಬ್ಬಿ ಕಡೆಯ ಹಳ್ಳಿಯೊಂದರಲ್ಲಿ ಅವಳಿಗೆ ಎಂಟು ವರ್ಷವಾಗಿದ್ದಾಗ ಅವ್ವ ಏಳು ತಿಂಗಳಿಗೇ ಹೆತ್ತು ಮೂರನೇ ದಿನ ಮಣ್ಣು ಸೇರಿದಳು. ಹುಟ್ಟಿದ್ದು ಗಂಡು, ಅಂಗೈಯಷ್ಟು, ಅಳುವುದಕ್ಕೂ ತ್ರಾಣವಿಲ್ಲ. ಅವ್ವನ ಗುಂಡಿಯ ಪಕ್ಕದಲ್ಲೇ ಇನ್ನೊಂದು ಚಿಕ್ಕ ಗುಂಡಿ ತೋಡಿಸಿ ಊರ ಹಿರಿಯರು ಕಾದು ಕೂತಿದ್ದರು. ಆ ಹುಡುಗಿ ಕೂಸನ್ನು ಬಿದಿರು ಬುಟ್ಟಿಗೆ ಹಾಕಿ, ಸುತ್ತ ಹತ್ತಿ ಒತ್ತಿ, ರಾಗಿ ಹೊಟ್ಟನ್ನು ಬಾಣಲೆಯಲ್ಲಿ ಹುರಿದು ಗಂಟು ಕಟ್ಟಿ, ಒಂದು ಗಂಟು ಆರಿದ ಕೂಡಲೇ ಇನ್ನೊಂದು ಇಟ್ಟು, ನಲವತ್ತು ದಿನ ಕಾವು ಕೊಟ್ಟಳು. ಗುಂಡಿಯನ್ನು ಊರವರು ಮುಚ್ಚಬೇಕಾಯಿತು. ಆ ಕೂಸೇ ಕರಿಬಸವಯ್ಯ.

ಹದಿನೆಂಟಕ್ಕೆ ಮದುವೆ, ಇಪ್ಪತ್ತಕ್ಕೆ ಕುಂಕುಮ ಹೋಯಿತು. ತಿರುಗಿ ತವರಿಗೆ ಬಂದವಳು ತಮ್ಮನ ಬೆನ್ನು ಬಿಡಲಿಲ್ಲ. ಅವನು ಬೆಂಗಳೂರಿಗೆ ಬಂದು ಬನಶಂಕರಿ ಗುಡಿಯ ರಸ್ತೆಯಲ್ಲಿ ಸ್ಟೀಲು, ಹಿತ್ತಾಳೆ ಪಾತ್ರೆಗಳ ಅಂಗಡಿ ಹಾಕಿದ. ಹಿಂದೆಯೇ ಅವಳೂ ಬಂದಳು, ಅಡುಗೆ ಮನೆ ಹಿಡಿದಳು. ತಮ್ಮನ ಹೆಂಡತಿ ಆ ಮನೆಯಲ್ಲಿ ಇಪ್ಪತ್ತೆಂಟು ವರ್ಷ ಬಾಳಿ, ಒಂದು ದಿನವೂ ತನ್ನ ಕೈಯಾರೆ ಎಸರಿಗೆ ಅಕ್ಕಿ ಅಳೆದು ಹಾಕದೆ ಸತ್ತಳು. ಆಮೇಲೆ ಬಂದ ಸೊಸೆ ಸಂಗೀತಾ ಓದಿದವಳು, ಜೆ.ಪಿ. ನಗರದ ಶಾಲೆಯಲ್ಲಿ ಟೀಚರು. ಅವಳಿಗೆ ಆರು ವರ್ಷವಾದರೂ ಮಕ್ಕಳಾಗಿರಲಿಲ್ಲ. ನೆಂಟರು ಕೂತಿದ್ದಾಗಲೇ ಬಸವಲಿಂಗಮ್ಮ ಅನ್ನುವಳು: "ಮೂರು ಹೊತ್ತೂ ಫ್ರಿಜ್ಜಿನ ನೀರು ಕುಡಿಯೋ ಹೊಟ್ಟೆ ಕಣ್ರೀ ಅದು. ಅಲ್ಲಿ ಏನು ನಿಂತೀತು?" ಸಂಗೀತಾ ತಟ್ಟೆ ಎತ್ತಿಕೊಂಡು ಒಳಗೆ ಹೋಗುವಳು. ಅವಳ ಗಂಡ, ಕರಿಬಸವಯ್ಯನ ಮಗ ಬಸವಪ್ರಸಾದ್ ಮೊಬೈಲು ನೋಡುತ್ತಾ ಕೂರುವನು.

ಬಸವಲಿಂಗಮ್ಮನಿಗೆ ಇದನ್ನೆಲ್ಲ ಆಡುವ ಧೈರ್ಯ ಎಲ್ಲಿಂದ ಬಂತೆಂದರೆ, ತಮ್ಮನ ಬಾಯಿಂದ. ಅವನು ದಿನವೂ ಅಂಗಡಿಗೆ ಹೊರಡುವಾಗ ಅಡುಗೆ ಮನೆಯ ಬಾಗಿಲಿಗೆ ಬಂದು, "ಅಕ್ಕಯ್ಯ, ಬರ್ತೀನಿ," ಅನ್ನುತ್ತಿದ್ದ. ಬಂದ ಮೇಲೆ, "ಅಕ್ಕಯ್ಯ, ಬಂದೆ." ಅವಳನ್ನು ಅಕ್ಕಯ್ಯ ಅನ್ನುವವನು ಭೂಮಿಯ ಮೇಲೆ ಅವನೊಬ್ಬನೇ ಉಳಿದಿದ್ದ. ಆ ಕರೆ ಇರುವ ತನಕ ಮನೆ ಅವಳದು. ಅದು ನಿಂತರೆ ಅವಳು ಮೂಲೆಯ ಮುದುಕಿ. ಇದು ಅವಳಿಗೂ ಗೊತ್ತಿತ್ತು, ಸಂಗೀತಾಗೂ ಗೊತ್ತಿತ್ತು.

ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ತಿಂಡಿಗೆ ಕೂತ ಕರಿಬಸವಯ್ಯನ ಬಲಗೈಯಿಂದ ಲೋಟ ಜಾರಿತು. ಬಗ್ಗಿ ಎತ್ತಲು ಹೋದವನು ಹಾಗೇ ಬಲಕ್ಕೆ ವಾಲಿದ. ಬಾಯಿ ಒಂದು ಕಡೆಗೆ ಎಳೆದುಕೊಂಡಿತು, ಮಾತಿನ ಬದಲು ಜೊಲ್ಲು ಬಂತು. ಮಗ ಕಾರಿಗೆ ಹಾಕಿಕೊಂಡು ಜಯನಗರದ ದೊಡ್ಡ ಆಸ್ಪತ್ರೆಗೆ ಓಡಿಸಿದ. ಸ್ಟ್ರೋಕ್ ಅಂದರು. ಮೆದುಳಿನ ಎಡಗಡೆ ರಕ್ತ ಹೆಪ್ಪುಗಟ್ಟಿದೆ, ಬಲಗೈ ಬಲಗಾಲು ಬಿದ್ದಿವೆ, ಮಾತು ನಿಂತಿದೆ.

ಬಸವಲಿಂಗಮ್ಮನ ಲೆಕ್ಕದಲ್ಲಿ ಅದು ಲಕ್ವ. ಲಕ್ವ ಬರುವುದು ಥಂಡಿ ಗಾಳಿಯಿಂದ, ಹೋಗುವುದು ಕಾವಿನಿಂದ. ಹಾಗಿರುವಾಗ ಈ ಆಸ್ಪತ್ರೆಯವರು ತಮ್ಮನನ್ನು ಎ.ಸಿ. ಕೋಣೆಯಲ್ಲಿ ಒಂದು ತೆಳು ಹೊದಿಕೆಯಲ್ಲಿ ಮಲಗಿಸಿದ್ದರು. ಎರಡನೇ ದಿನ ಅವನಿಗೆ ಜ್ವರ ಏರಿತು. ನರ್ಸುಗಳು ಆ ತೆಳು ಹೊದಿಕೆಯನ್ನೂ ಕಿತ್ತು, ನರಕ್ಕೆ ಔಷಧಿ ಬಿಟ್ಟು, ಒದ್ದೆ ಬಟ್ಟೆಯಲ್ಲಿ ಮೈ ಒರೆಸತೊಡಗಿದರು. ಮುದುಕಿ ಹೌಹಾರಿದಳು.

"ಏನ್ರಮ್ಮಾ, ಹೆಣ ತೊಳೆದ ಹಾಗೆ ತೊಳೀತಿದ್ದೀರಲ್ಲ! ಥಂಡಿ ಹೊಡೆದವನ ಮೇಲೆ ನೀರು ಹಾಕ್ತೀರಾ? ನಿಮ್ಮಪ್ಪನಿಗೆ ಹಿಂಗೇ ಮಾಡ್ತೀರಾ?"

"ನಮ್ಮಪ್ಪನಿಗೂ ಹಿಂಗೇ ಮಾಡ್ತೀವಿ ಅಜ್ಜಿ. ಹೊರಗೆ ಕೂತ್ಕೊಳ್ಳಿ," ಅಂದಳು ನರ್ಸು, ತಲೆ ಎತ್ತದೆ. ಕೊನೆಗೆ ಕಾವಲುಗಾರ ಬಂದು ರಟ್ಟೆ ಹಿಡಿದು ಹೊರಗೆ ಬಿಟ್ಟ. ಜನ್ಮದಲ್ಲಿ ಯಾರೂ ಅವಳನ್ನು ತಮ್ಮನ ಹಾಸಿಗೆಯಿಂದ ಎಬ್ಬಿಸಿದ್ದಿಲ್ಲ.

ಜ್ವರ ಮರುದಿನ ಇಳಿಯಿತು. ಐದನೇ ದಿನ ಕರಿಬಸವಯ್ಯ ಅಕ್ಕನ ಮುಖ ನೋಡುತ್ತಾ, ಸೊಟ್ಟ ಬಾಯಲ್ಲಿ, ಕಲ್ಲು ಎತ್ತುವವನ ಹಾಗೆ ಒದ್ದಾಡಿ, "ಅ... ಕ್ಕ..." ಅಂದ. ಅವಳು ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ರೋಗಿಯನ್ನು ನೋಡಲು ಬಿಡುವ ಹೊತ್ತಿನಲ್ಲಿ ತಾನು ಕದ್ದು ಹಚ್ಚಿದ ವಿಭೂತಿಯಿಂದ ಮಾತು ಬಂತೆಂದು ಕಾರಿಡಾರಿನ ಉದ್ದಕ್ಕೂ ಸಾರಿದಳು.

ಮನೆಗೆ ಕಳಿಸುವ ದಿನ ಡಾಕ್ಟರ್ ಸುಶ್ರುತ ಎಲ್ಲರನ್ನೂ ನಿಲ್ಲಿಸಿಕೊಂಡು ಹೇಳಿದ. ಚಿಕ್ಕ ವಯಸ್ಸು, ಮೆಲು ಮಾತು.

"ಅಜ್ಜಿ, ನಿಮ್ಮ ತಮ್ಮನ ಮೆದುಳಲ್ಲಿ ಸ್ವಲ್ಪ ಭಾಗ ಸತ್ತಿದೆ. ಅದು ತಿರುಗಿ ಬರಲ್ಲ. ಅದರ ಸುತ್ತ ಪೆಟ್ಟು ತಿಂದ ಭಾಗ ಇನ್ನೂ ಸುಧಾರಿಸ್ಕೊಳ್ತಾ ಇದೆ. ಅದು ಉಳಿದ್ರೆ ಮಾತು ಬರುತ್ತೆ, ಈಗಲೇ ಶುರುವಾಗಿದೆ. ಜ್ವರ ಬಂದ್ರೆ ಅದೂ ಹೋಗುತ್ತೆ. ನಾಲ್ಕು ಗಂಟೆಗೊಂದು ಸಲ ಥರ್ಮಾಮೀಟರ್ ಇಡಿ. ತೊಂಬತ್ತೊಂಬತ್ತೂವರೆ ದಾಟಿದ್ರೆ ಮಾತ್ರೆ ಕೊಡಿ, ನೂರು ದಾಟಿದ್ರೆ ಫೋನ್ ಮಾಡಿ. ಕಿಟಕಿ ತೆಗೆದಿಡಿ, ಹೊದ್ದಿಸಬೇಡಿ. ಊಟ ನೇರ ಕೂರಿಸಿಯೇ, ಚಮಚದಲ್ಲಿ. ಕೆಮ್ಮಿದ್ರೆ ನಿಲ್ಲಿಸಿಬಿಡಿ. ಗಂಟಲು ಇನ್ನೂ ಸರಿಯಾಗಿಲ್ಲ, ಅನ್ನ ಶ್ವಾಸಕೋಶಕ್ಕೆ ಇಳಿದ್ರೆ ಅದೇ ಜ್ವರ ಆಗುತ್ತೆ."

"ಕಾವು ಅಂದ್ರೆ ಜೀವ ಅಲ್ವೇನಪ್ಪಾ?"

"ಅವರ ಮೆದುಳಿಗೆ ಈಗ ಅಲ್ಲ ಅಜ್ಜಿ."

ಅವಳು ತಲೆಯಾಡಿಸಿದಳು. ಕಾರು ಹತ್ತುವಾಗ ಮೊಮ್ಮಗನ ವಯಸ್ಸಿನ ಆ ಡಾಕ್ಟರನ್ನು ಒಂದೇ ಮಾತಿನಲ್ಲಿ ತೆಗೆದುಹಾಕಿದಳು: "ಮೀಸೆ ಮೂಡಿಲ್ಲ, ನನಗೆ ಕಾವಿನ ಪಾಠ ಹೇಳ್ತಾನೆ."

ಹಗಲು ನೋಡಿಕೊಳ್ಳಲು ಏಜೆನ್ಸಿಯವರು ಇಟ್ಟಮಡುವಿನಿಂದ ನಾಗಲಕ್ಷ್ಮಮ್ಮ ಎಂಬವಳನ್ನು ಕಳಿಸಿದರು. ಐವತ್ತರ ಹತ್ತಿರದ ಹೆಂಗಸು, ಗಟ್ಟಿ ತೋಳು, ಹನ್ನೆರಡು ವರ್ಷ ಮಲಗಿದವರನ್ನು ಹೊರಳಿಸಿ ಪಳಗಿದವಳು. ಬಸವಲಿಂಗಮ್ಮ ಹೊಸಲಲ್ಲೇ ತಡೆದು ಕೇಳಿದಳು.

"ಯಾವ ಜನ ನೀನು?"

"ಕೆಲಸದ ಜನ ಅಮ್ಮಾ," ಅಂದಳು ಅವಳು, ಚಪ್ಪಲಿ ಬಿಡುತ್ತಾ.

ಆ ಉತ್ತರದಿಂದಲೇ ಮುದುಕಿಗೆ ಬೇಕಾದ್ದು ತಿಳಿಯಿತು. ಬಟ್ಟೆ ಒಗೆಯುವ ಕಲ್ಲಿನ ಮೇಲಿನ ಕಿಟಕಿಯಲ್ಲಿ ಒಂದು ಲೋಟ, ಒಂದು ತಟ್ಟೆ ಬೇರೆಯಾಗಿ ಬಂದು ಕೂತವು.

ನಾಗಲಕ್ಷ್ಮಮ್ಮ ಮೊದಲ ಕೆಲಸಕ್ಕೇ ಥರ್ಮಾಮೀಟರ್ ತೆಗೆದು ಕರಿಬಸವಯ್ಯನ ಎಡಗೈ ಎತ್ತಿದಳು. ಆ ತೋಳಿಗೆ ಬಿಳಿ ಬಟ್ಟೆಯಲ್ಲಿ ಇಷ್ಟಲಿಂಗ ಕಟ್ಟಿತ್ತು. ಲಿಂಗವಿಟ್ಟು ಕೊರಳಲ್ಲಿ ಕಟ್ಟಿದ್ದ ಬೆಳ್ಳಿಯ ಕರಡಿಗೆಯನ್ನು ಸ್ಕ್ಯಾನಿಂಗಿಗೆ ತೆಗೆಸಿದ್ದರು. ಅಂದಿನಿಂದ ಅಕ್ಕನೇ ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ಅಲ್ಲಿ ಕಟ್ಟಿದ್ದಳು.

"ಏಯ್! ಮುಟ್ಟಬೇಡ ಆ ಕೈ!" ಬಸವಲಿಂಗಮ್ಮ ಎದ್ದೇ ನಿಂತಳು. "ಲಿಂಗ ಇರೋ ಕಡೆ ನಿನ್ನ ಕೈ ಹೋಗಬಾರದು. ಇನ್ನೊಂದು ಕಂಕುಳಿಲ್ಲವಾ?"

"ಅಮ್ಮಾ, ಬಲಗೈಗೆ ಬಿಗಿ ಇಲ್ಲ. ಕಂಕುಳು ಮುಚ್ಕೊಳಲ್ಲ, ಗಾಳಿ ಆಡುತ್ತೆ, ಜ್ವರ ಇದ್ರೂ ಕಮ್ಮಿ ತೋರಿಸುತ್ತೆ. ಸತ್ತ ಕೈಲಿ ನೋಡಬಾರದು."

"ಸತ್ತ ಕೈ ಅಂದ್ಯಾ? ನನ್ನ ಮನೇಲಿ ನಿಂತು ನನ್ನ ತಮ್ಮನ ಕೈ ಸತ್ತಿದೆ ಅಂತೀಯಾ? ತಾರೇ ಅದನ್ನ ಇಲ್ಲಿ!"

ಥರ್ಮಾಮೀಟರ್ ಕಿತ್ತುಕೊಂಡಳು. ಆವತ್ತಿನಿಂದ ಜ್ವರ ನೋಡುವುದು ತನ್ನ ಕೆಲಸವೆಂದಳು. ಎಲ್ಲರೂ ಸತ್ತಿತೆಂದ ಬಲಗೈಯ ಕಂಕುಳಲ್ಲೇ ಇಟ್ಟಳು, ಹಟಕ್ಕೆ. ಕೈ ಜೋಲಿ ಬಿದ್ದು ಹಾಸಿಗೆಗೆ ಒರಗಿತು. ಕಡ್ಡಿ ಬಟ್ಟೆಗೂ ಮೈಗೂ ನಡುವೆ ಸಡಿಲವಾಗಿ ನಿಂತಿತು. ಪೀ ಎಂದು ಕೂಗಿದಾಗ ತೊಂಬತ್ತೇಳೂವರೆ ತೋರಿಸಿತು. ಬಸವಪ್ರಸಾದ್ ಹೇಳಿಕೊಟ್ಟಿದ್ದಂತೆ ಅಂಗೈಯಲ್ಲಿ ಅದನ್ನಿಟ್ಟು ಮೊಬೈಲಿನಲ್ಲಿ ಫೋಟೋ ತೆಗೆದು ಕಳಿಸಿದಳು. ಅಂಗಡಿಯಿಂದ ಮಗ ಒಂದು ಹೆಬ್ಬೆಟ್ಟಿನ ಚಿತ್ರ ಕಳಿಸಿದ. ಶಾಲೆಯಿಂದ ಸೊಸೆಯೂ ಕಳಿಸಿದಳು.

ಹೊರಗೆ ಬಿಸಿಲು ರಸ್ತೆಯ ಟಾರನ್ನು ಮೆತ್ತಗೆ ಮಾಡುತ್ತಿತ್ತು. ಒಳಗೆ ಮುದುಕಿ ಕಿಟಕಿ ಮುಚ್ಚಿ, ತಮ್ಮನ ತಲೆಗೆ ಉಣ್ಣೆ ಟೋಪಿ ತೊಡಿಸಿ, ಕುತ್ತಿಗೆಯ ತನಕ ಎರಡು ರಗ್ಗು ಹೊದ್ದಿಸಿದಳು. ನಾಗಲಕ್ಷ್ಮಮ್ಮ ಕಿಟಕಿ ತೆಗೆಯುವಳು, ಅವಳು ಮುಚ್ಚುವಳು. ಸಂಜೆ ಮಗ ಬಂದಾಗ ಕಿಟಕಿ ತೆರೆದಿರುತ್ತಿತ್ತು. ಅವನು ಬರುವ ಹೊತ್ತು ಅವಳಿಗೆ ಗೊತ್ತಿತ್ತಲ್ಲ.

ಮೂರನೇ ದಿನ ಮಧ್ಯಾಹ್ನ ನಾಗಲಕ್ಷ್ಮಮ್ಮ ಸ್ನಾನದ ಮನೆಯಲ್ಲಿ ಬಟ್ಟೆ ನೆನೆಹಾಕುತ್ತಿದ್ದಳು. ಬಸವಲಿಂಗಮ್ಮ ಮೆಣಸು ಜೀರಿಗೆ ಹಾಕಿದ ಬಿಸಿ ರಾಗಿ ಗಂಜಿ ತಂದು, ಮಲಗಿದ್ದ ತಮ್ಮನ ತಲೆಯನ್ನು ತೋಳಿನ ಮೇಲೆ ಎತ್ತಿಕೊಂಡು, ಲೋಟದಿಂದಲೇ ಬಾಯಿಗೆ ಬಿಟ್ಟಳು. ಎರಡು ಗುಟುಕು ಇಳಿಯಿತು. ಮೂರನೆಯದಕ್ಕೆ ಅವನ ಮುಖ ಕಪ್ಪಿಟ್ಟಿತು. ಕೆಮ್ಮಿದ, ಕಣ್ಣು ತೇಲಿತು, ಮೂಗಿನಿಂದ ಗಂಜಿ ಬಂತು. ಓಡಿ ಬಂದ ನಾಗಲಕ್ಷ್ಮಮ್ಮ ಅವನನ್ನು ಪಕ್ಕಕ್ಕೆ ಹೊರಳಿಸಿ ಬೆನ್ನು ತಟ್ಟಿದಳು.

"ಕೂರಿಸಿ ಕೊಡಿ ಅಂದಿದ್ರಲ್ಲಮ್ಮಾ ಡಾಕ್ಟ್ರು!"

"ಅವ್ವ ಸತ್ತ ಕೂಸಿಗೆ ಹಾಲು ಬಿಟ್ಟ ಕೈ ಇದು. ನೀನು ಬಟ್ಟೆ ಒಗಿ ಹೋಗು."

ಅವನ ಗಂಟಲಲ್ಲಿ ಏನೋ ಗೊರಗೊರ ಉಳಿದೇ ಹೋಯಿತು. ರಾತ್ರಿಯೆಲ್ಲ ಕೆಮ್ಮಿದ. ಬೆಳಿಗ್ಗೆ ಸಂಗೀತಾ ಶಾಲೆಗೆ ಹೊರಡುತ್ತಾ ಬಾಗಿಲಲ್ಲಿ ನಿಂತು ಕೇಳಿದಳು: "ಮಾವನಿಗೆ ಕೆಮ್ಮು ಜಾಸ್ತಿ ಇದೆಯಲ್ಲ ಅತ್ತೆ, ಜ್ವರ ನೋಡಿದ್ರಾ?"

"ತೊಂಬತ್ತೇಳು ಐತೆ. ನಿನ್ನ ಮೊಬೈಲಿಗೂ ಕಳಿಸಿದ್ದೀನಿ, ಕಣ್ಣಿದ್ರೆ ನೋಡು."

ಸಂಗೀತಾ ಒಳಗೆ ಒಂದು ಹೆಜ್ಜೆ ಇಟ್ಟು ಮಾವನ ಹಣೆ ಮುಟ್ಟಿ ನೋಡಬಹುದಿತ್ತು. ಇಡಲಿಲ್ಲ. ಆ ಕೋಣೆಯೊಳಗೆ ಅವಳು ಏನು ಮುಟ್ಟಿದರೂ ಮಾತು ಬರುತ್ತಿತ್ತು. ಆರು ವರ್ಷ ತಿಂದ ಮಾತುಗಳು ಅವಳ ಕಾಲನ್ನು ಹೊಸಲಲ್ಲೇ ಹಿಡಿದವು. ಸ್ಕೂಟರ್ ಏರಿ ಹೋದಳು.

ಹತ್ತು ಗಂಟೆಗೆ ಕರಿಬಸವಯ್ಯನ ಮೈ ಕೆಂಡವಾಗಿತ್ತು. ಎಡಗೈಯಿಂದ ರಗ್ಗನ್ನು ಒದರಿ ಕೆಳಗೆ ತಳ್ಳುತ್ತಿದ್ದ. ಬಾಯಲ್ಲಿ ಏನೋ ಒದ್ದಾಡುತ್ತಿತ್ತು, ಮಾತಾಗುತ್ತಿರಲಿಲ್ಲ. ಅಕ್ಕ ಮತ್ತೆ ಹೊದ್ದಿಸಿದಳು. ಅವನು ಮತ್ತೆ ತಳ್ಳಿದ. ಮೂರನೇ ಸಲಕ್ಕೆ ಅವಳು ಒಂದು ಟವಲು ತಂದು ಆ ಕೈಯನ್ನು, ಲಿಂಗಕ್ಕೆ ತಾಗದ ಹಾಗೆ ಮಣಿಕಟ್ಟಿನಲ್ಲಿ, ಮಂಚದ ಪಟ್ಟಿಗೆ ಕಟ್ಟಿದಳು. "ಹಟ ಮಾಡಬೇಡ ಮಗಾ. ಕಾವು ಬೇಕು ನಿನಗೆ." ಅವನು ಅಕ್ಕನ ಮುಖವನ್ನೇ ನೋಡಿದ. ಆ ನೋಟ ಅವಳಿಗೆ ಪ್ರೀತಿಯಾಗಿ ಕಂಡಿತು.

ನಾಗಲಕ್ಷ್ಮಮ್ಮ ಮಗ್ಗುಲು ಬದಲಿಸಲು ಬಂದು ಬೆನ್ನಿಗೆ ಕೈ ಹಾಕಿದವಳೇ ಹಿಂದಕ್ಕೆಳೆದುಕೊಂಡಳು.

"ಅಮ್ಮಾ, ಮೈ ಸುಡ್ತಿದೆ!"

"ಎರಡು ರಗ್ಗಿನ ಕಾವು ಅದು."

"ಇಲ್ಲಮ್ಮಾ, ಇದು ಜ್ವರ. ಎದೆ ಗೊರಗೊರ ಅಂತಿದೆ. ಈ ಕಡೆ ಇಟ್ಟು ನೋಡೋಣ, ನಿಮ್ಮ ಕಾಲು ಹಿಡೀತೀನಿ. ಲಿಂಗ ನೀವೇ ತೆಗೆದು ಹಿಡ್ಕೊಳ್ಳಿ, ನಾನು ಕಂಕುಳಿಗೆ ಮಾತ್ರ..."

ಹೇಳುತ್ತಲೇ ಅವಳು ಮೇಜಿನ ಮೇಲಿದ್ದ ಥರ್ಮಾಮೀಟರ್ ಎತ್ತಿ ಎಡ ಕಂಕುಳಿಗೆ ಒತ್ತಿಬಿಟ್ಟಳು. ಬಸವಲಿಂಗಮ್ಮ ನುಗ್ಗಿ ಬಂದು ಅವಳ ಕೈ ಮೇಲೆ ಬಡಿದಳು. ಕಡ್ಡಿ ಕೂಗುವ ಮೊದಲೇ ನೆಲಕ್ಕೆ ಬಿತ್ತು.

"ಮುಟ್ಟಿದೆಯಲ್ಲೇ! ಬೇಡ ಅಂದಿದ್ದನ್ನೇ ಮಾಡಿದೆಯಲ್ಲೇ! ನಡಿ ಆಚೆ. ಈಗಿಂದೀಗ್ಲೇ ನಡಿ."

"ಹೋಗ್ತೀನಮ್ಮಾ. ಆಸ್ಪತ್ರೆಗೆ ಫೋನ್ ಮಾಡಿ ಸಾಕು. ನನ್ನನ್ನ ಬೈರಿ, ಹೊಡೀರಿ, ಫೋನ್ ಮಾಡಿ. ಆ ಮನುಷ್ಯ ನಿಮ್ಮನ್ನ ಅಕ್ಕ ಅಂದಿದ್ದನ್ನ ನಾನೂ ಕೇಳಿದ್ದೀನಿ. ಆ ಮಾತು ಹೋಗಿಬಿಡುತ್ತೆ."

"ನಿನ್ನ ಹಾಳು ಬಾಯಿಂದ ಅದನ್ನ ಆಡಬೇಡ!"

ಚಪ್ಪಲಿ ಮೆಟ್ಟಲೂ ಬಿಡದೆ ಗೇಟಿನ ಆಚೆ ಎಸೆದಳು. ನಾಗಲಕ್ಷ್ಮಮ್ಮ ಸುಡುವ ರಸ್ತೆಯಲ್ಲಿ ನಿಂತು ಸಂಗೀತಾಗೆ ಫೋನ್ ಮಾಡಿದಳು. ಸಂಗೀತಾ ಗಂಡನಿಗೆ ಮಾಡಿದಳು. ಅವನು ಬಸವಲಿಂಗಮ್ಮನಿಗೆ ಮಾಡಿದ. ಮುದುಕಿ ನೆಲದಿಂದ ಥರ್ಮಾಮೀಟರ್ ಎತ್ತಿ ಒರೆಸಿ, ಬಲ ಕಂಕುಳಲ್ಲಿಟ್ಟು, ತೊಂಬತ್ತೇಳು ಪಾಯಿಂಟ್ ಎಂಟರ ಫೋಟೋ ಕಳಿಸಿದಳು. "ಆ ಹೆಂಗಸಿಗೆ ತಲೆ ಕೆಟ್ಟಿದೆ. ಬೇರೆಯವಳನ್ನ ನೋಡು." ಅಂಗಡಿಯಲ್ಲಿ ಮದುವೆ ಪಾತ್ರೆಯ ಗಿರಾಕಿಗಳಿದ್ದರು. "ಆಯ್ತು ಅತ್ತೆ," ಅಂದು ಬಸವಪ್ರಸಾದ್ ಮೊಬೈಲು ಜೇಬಿಗಿಟ್ಟ.

ಹಾಗಾದರೆ ಬೀದಿಯ ಮಕ್ಕಳ ಜ್ವರವನ್ನೆಲ್ಲ ಹೇಳುತ್ತಿದ್ದ ಆ ಕೈ ಎಲ್ಲಿ ಹೋಗಿತ್ತು? ಎಲ್ಲಿಗೂ ಹೋಗಿರಲಿಲ್ಲ. ತಮ್ಮನ ಹಣೆಯ ಮೇಲೆಯೇ ಇತ್ತು. ಸುಡುತ್ತಿದೆ ಎಂದು ಹೇಳಿಯೂ ಹೇಳಿತು. ಆದರೆ ಜ್ವರವೆಂದು ಒಪ್ಪಿದರೆ ರಗ್ಗು, ಗಂಜಿ, ಮುಚ್ಚಿದ ಕಿಟಕಿ ಎಲ್ಲವೂ ತಪ್ಪಾಗಿ, ಇಟ್ಟಮಡುವಿನ ಹೆಂಗಸೂ ಮೀಸೆ ಮೂಡದ ಹುಡುಗನೂ ಗೆಲ್ಲುತ್ತಿದ್ದರು. ಅದಕ್ಕಿಂತ ಕಡ್ಡಿಯ ಮಾತು ನಂಬುವುದು ಸುಲಭವಾಗಿತ್ತು. ಯಂತ್ರವೆಂದರೆ ಮೂಗು ಮುರಿಯುತ್ತಿದ್ದವಳು ಆ ಒಂದು ದಿನ ಯಂತ್ರಕ್ಕೆ ಶರಣಾದಳು.

ನಾಲ್ಕು ಗಂಟೆಯ ಹೊತ್ತಿಗೆ ಅವಳು ತಮ್ಮನ ಬಲಗೈಯನ್ನು ಹಿಡಿದು ಕೂತಿದ್ದಳು. ಹದಿನೈದು ದಿನದಿಂದ ಬಾಳೆ ದಿಂಡಿನ ಹಾಗೆ ತಣ್ಣಗಿದ್ದ ಕೈ ಈಗ ಬಿಸಿಯಾಗಿತ್ತು. ನೋಡುತ್ತಿದ್ದ ಹಾಗೆ ಹೆಬ್ಬೆರಳು ಅದುರಿತು. ಆಮೇಲೆ ಉಳಿದ ಬೆರಳುಗಳು. ಆಮೇಲೆ ಮೊಣಕೈ ತನಕ ಎಳೆದು ಎಳೆದು ಬಿಟ್ಟಿತು.

"ಬಂತು! ಕೈಗೆ ಜೀವ ಬಂತು!" ಅವಳು ಬೀದಿಗೇ ಕೇಳುವಂತೆ ಕೂಗಿದಳು. ಮಗನಿಗೆ ಫೋನ್ ಮಾಡಿದಳು. "ಬಾರೋ, ನಿಮ್ಮಪ್ಪನ ಕೈ ಆಡ್ತಾ ಐತೆ! ಸತ್ತೋಯ್ತು ಅಂದ್ರಲ್ಲ, ಬಂದು ನೋಡ್ರೋ!" ಎದುರು ಮನೆಯ ಇಬ್ಬರು ಹೆಂಗಸರು ಬಂದು ಬಾಗಿಲಲ್ಲಿ ನಿಂತು ಕೈಮುಗಿದರು. ಅವಳು ಆ ಕುಣಿಯುವ ಕೈಯನ್ನು ಎತ್ತಿ ಅವರಿಗೆ ತೋರಿಸಿದಳು.

ಅದೇ ಹೊತ್ತಿಗೆ ಕೈಕಾಲು ವ್ಯಾಯಾಮ ಮಾಡಿಸುವ ಶರಣ್ ದಿನದಂತೆ ಬ್ಯಾಗು ನೇತುಹಾಕಿಕೊಂಡು ಬಂದ. ಬಾಗಿಲಲ್ಲೇ ಅವನ ಮುಖ ಬದಲಾಯಿತು.

"ಅಜ್ಜಿ, ಬಿಡಿ ಕೈ. ಇದು ಫಿಟ್ಸು!"

ಹೆಂಗಸರನ್ನು ಸರಿಸಿ ರಗ್ಗುಗಳನ್ನು ಕಿತ್ತೆಸೆದ, ಟೋಪಿ ಎಳೆದ, ಕಟ್ಟಿದ ಟವಲು ಬಿಚ್ಚಿದ, ಕರಿಬಸವಯ್ಯನನ್ನು ಮಗ್ಗುಲಿಗೆ ಹೊರಳಿಸಿದ, ಆಂಬುಲೆನ್ಸಿಗೆ ಫೋನ್ ಮಾಡಿದ. ಅದುರು ನಿಂತ ಮೇಲೆ ಎಡ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು ತೋಳು ಒತ್ತಿ ಹಿಡಿದ. ಬಸವಲಿಂಗಮ್ಮ ಲಿಂಗ ಅನ್ನಲಿಲ್ಲ.

ನೂರ ಮೂರು ಪಾಯಿಂಟ್ ಎಂಟು.

"ಯಾರು ನೋಡ್ತಿದ್ರು ಟೆಂಪರೇಚರ್? ಬಲಗಡೆ ಇಡ್ತಿದ್ರಾ? ಆ ತೋಳಿಗೆ ಹಿಡಿತಾನೇ ಇಲ್ವಲ್ಲ, ಅದು ಹೊರಗಿನ ಗಾಳಿ ತೋರಿಸುತ್ತೆ ಅಷ್ಟೆ. ಯಾವಾಗಿಂದ ಮೈ ಸುಡ್ತಿದೆ?"

ಬಸವಪ್ರಸಾದ್ ಆಗತಾನೇ ಓಡಿ ಬಂದು ಏದುಸಿರು ಬಿಡುತ್ತಿದ್ದ. ಶರಣನ ಪ್ರಶ್ನೆಗೆ ಎಲ್ಲರೂ ಮುದುಕಿಯ ಕಡೆ ತಿರುಗಿದರು. ಅವಳು ಗಟ್ಟಿಯಾಗಿ ಹೇಳಿದಳು:

"ಆ ಇಟ್ಟಮಡು ಹೆಂಗಸು. ಅವಳೇ ನೋಡ್ತಿದ್ದದ್ದು."

ಆಸ್ಪತ್ರೆಯಲ್ಲಿ ಹದಿನೇಳು ದಿನ ಆಯಿತು. ಗಂಜಿ ಶ್ವಾಸಕೋಶಕ್ಕೆ ಇಳಿದು ಕೀವಾಗಿತ್ತು. ಗಂಟಲಿಗೆ ಕೊಳವೆ ಹಾಕಿದರು, ತೆಗೆದರು. ಕರಿಬಸವಯ್ಯ ಉಳಿದ. ಡಾಕ್ಟರ್ ಸುಶ್ರುತ ಈ ಸಲ ಅಜ್ಜಿಯನ್ನು ನೋಡಿ ಮಾತಾಡಲಿಲ್ಲ, ಮಗನಿಗೆ ಹೇಳಿದ: "ನಾವು ಹೇಳಿದ್ದು ಅರ್ಥವಾಗುತ್ತೆ, ಎಲ್ಲರ ಗುರುತೂ ಇದೆ. ಆದರೆ ಮಾತು ಬರುತ್ತೆ ಅಂತ ನಾನು ಈಗ ಹೇಳಲಾರೆ. ಶುರುವಾಗಿದ್ದು ಹೋಯ್ತು." ಮನೆಗೆ ಬಂದ ಮೇಲೆ ಕರಿಬಸವಯ್ಯನ ಬಾಯಲ್ಲಿ ಉಳಿದದ್ದು "ಬಾ" ಎನ್ನುವ ಒಂದು ಸದ್ದು. ಹಸಿವಿಗೂ ಬಾ, ನೋವಿಗೂ ಬಾ.

ಬಸವಪ್ರಸಾದ್ ಏಜೆನ್ಸಿಗೆ ದೂರು ಕೊಟ್ಟ. ಅವರು ನಾಗಲಕ್ಷ್ಮಮ್ಮನ ಹೆಸರು ಪಟ್ಟಿಯಿಂದ ತೆಗೆದು, ಉಳಿದ ಏಜೆನ್ಸಿಗಳಿಗೂ ಹೇಳಿದರು. ಜ್ವರ ನೋಡಲು ಬಾರದ ಹೆಂಗಸನ್ನು ಯಾರು ಮನೆಗೆ ಸೇರಿಸುತ್ತಾರೆ? ಬಸವಲಿಂಗಮ್ಮ ಅದನ್ನು ಕೇಳಿ, ಒಳ್ಳೆಯದಾಯ್ತು ಅಂದಳು. ಅಂದ ಮೇಲೆ ಊಟ ಸೇರಲಿಲ್ಲ.

ದಿನವೂ ಬೆಳಿಗ್ಗೆ ಅವಳು ತಮ್ಮನ ಮುಂದೆ ಕೂರುವಳು. "ಅಕ್ಕಯ್ಯ ಅನ್ನು. ಅ. ಅನ್ನು ಮಗಾ, ಅ." ಅವನು ನೋಡುವನು. "ಮೊದಲು ಅಂದಿದ್ದೆಯಲ್ಲೋ, ಆಸ್ಪತ್ರೇಲಿ." ಅವನು ನೋಡುವನು. ಸಂಗೀತಾ ಅಡುಗೆ ಮನೆಯಲ್ಲಿ ಎಸರಿಗೆ ಅಕ್ಕಿ ಅಳೆಯುತ್ತಿರುವಳು. ಯಾರೂ ಅವಳ ಕೈಗೆ ಸೇರು ಕೊಟ್ಟಿರಲಿಲ್ಲ, ಅವಳೇ ಎತ್ತಿಕೊಂಡಿದ್ದಳು.

ಎರಡು ತಿಂಗಳಾದ ಮೇಲೆ ಒಂದು ಭಾನುವಾರ ಬೆಳಿಗ್ಗೆ ನಾಗಲಕ್ಷ್ಮಮ್ಮ ಬಂದಳು. ಗೇಟಿನೊಳಗೆ ಬಂದು ಜಗಲಿಯ ಕೆಳಗೆ ನಿಂತಳು. ಬಸವಪ್ರಸಾದ್, ಸಂಗೀತಾ ಇಬ್ಬರೂ ಮನೆಯಲ್ಲಿದ್ದರು. ಕರಿಬಸವಯ್ಯನ ಕೋಣೆಯ ಬಾಗಿಲು ತೆರೆದಿತ್ತು, ಜಗಲಿಯ ಮಾತೆಲ್ಲ ಅಲ್ಲಿಗೆ ಕೇಳಿಸುತ್ತಿತ್ತು.

"ನನಗೆ ನಿಮ್ಮಿಂದ ಏನೂ ಬೇಡ ಅಮ್ಮಾ," ಅಂದಳು ಮುದುಕಿಗೆ. "ನನ್ನ ಮಗಳ ಗಂಡನ ಮನೆಯವರೂ ಕೇಳ್ತಿದ್ದಾರೆ, ನೀನು ಯಾರನ್ನೋ ಸಾಯಿಸೋಕೆ ಹೋಗಿದ್ಯಂತೆ ಅಂತ. ಜ್ವರ ಯಾರು ನೋಡಿದ್ದು ಅಂತ ಒಂದು ಮಾತು ಹೇಳಿ. ಇಲ್ಲಿ, ಇವರ ಮುಂದೆ."

ಬಸವಲಿಂಗಮ್ಮ ಬಾಯಿ ತೆಗೆದದ್ದು ಬೈಯುವುದಕ್ಕೇ. ಆದರೆ ಎರಡು ತಿಂಗಳು ಗಂಟಲಲ್ಲಿ ಸಿಕ್ಕಿಕೊಂಡಿದ್ದುದೇ ಹೊರಗೆ ಬಂತು.

"ನಾನೇ ನೋಡಿದ್ದು. ಇವಳನ್ನ ಮುಟ್ಟೋಕೆ ಬಿಡಲಿಲ್ಲ. ಜ್ವರ ಐತೆ ಅಂತ ಇವಳು ಕಾಲು ಹಿಡಿದಳು. ನಾನು ಆಚೆ ಹಾಕಿದೆ. ಗಂಜಿ ಹಾಕಿದವಳೂ ನಾನೇ, ಕೈ ಕಟ್ಟಿದವಳೂ ನಾನೇ."

ಹೇಳಿ ಗೋಡೆಗೆ ಒರಗಿ ಕಾದಳು. ತಮ್ಮನ ಮಗ ಕೂಗಾಡುತ್ತಾನೆ, ಸೊಸೆ ಆರು ವರ್ಷದ್ದೆಲ್ಲ ಕಕ್ಕುತ್ತಾಳೆ, ತನ್ನನ್ನು ಗೇಟಿನಾಚೆ ನೂಕುತ್ತಾರೆ ಎಂದುಕೊಂಡಳು. ನೂಕಿದರೆ ಸಾಕಿತ್ತು.

"ಗೊತ್ತಿತ್ತು ಅತ್ತೆ," ಅಂದ ಬಸವಪ್ರಸಾದ್.

"ಫೋಟೋಗಳಲ್ಲಿ ನಿಮ್ಮ ಕೈಯೇ ಇತ್ತಲ್ಲ," ಅಂದಳು ಸಂಗೀತಾ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಪರೀಕ್ಷೆಯ ಪೇಪರು ತಿದ್ದುವವಳ ಹಾಗೆ ಹೇಳಿದಳು.

"ಗೊತ್ತಿದ್ದೂ ಈಕೆ ಮೇಲೆ ದೂರು ಕೊಟ್ರಾ?" ಅಂದಳು ಮುದುಕಿ.

"ಮತ್ತೇನು ಮಾಡೋದು? ಅಪ್ಪನ ಸ್ವಂತ ಅಕ್ಕನೇ ಹಿಂಗೆ ಮಾಡಿದಳು ಅಂತ ನೆಂಟರಿಗೆ ಹೇಳ್ಲಾ? ಹೊರಗಿನವರಾದ್ರೆ ಮಾತು ಅಲ್ಲಿಗೆ ಮುಗಿಯುತ್ತೆ." ಅವನು ನಾಗಲಕ್ಷ್ಮಮ್ಮನ ಕಡೆ ತಿರುಗಿದ. "ಏಜೆನ್ಸಿಯವರ ಹತ್ರ ಮಾತಾಡೋಣ ಬಿಡಿ ಆಂಟಿ. ನೋಡೋಣ."

ನೋಡೋಣ ಎಂದರೆ ಏನೆಂದು ಹನ್ನೆರಡು ವರ್ಷ ಮನೆಮನೆ ಸುತ್ತಿದವಳಿಗೆ ಹೇಳಿಕೊಡಬೇಕಿರಲಿಲ್ಲ. "ಒಳಗೆ ಬನ್ನಿ, ಕಾಫಿ ಕುಡಿದು ಹೋಗಿ," ಎಂದು ಸಂಗೀತಾ ಅಂದಳು. ನಾಗಲಕ್ಷ್ಮಮ್ಮ ಮುದುಕಿಯನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದಳು.

"ನಿಮಗಿಂತ ಇವರು ಗಟ್ಟಿ ಇದ್ದಾರೆ ಅಮ್ಮಾ. ಹುಷಾರಾಗಿರಿ," ಅಂದು ಗೇಟು ಎಳೆದುಕೊಂಡು ಹೋದಳು.

ಕೋಣೆಯಿಂದ "ಬಾ" ಎಂದು ಕೇಳಿಸಿತು. ಬಸವಲಿಂಗಮ್ಮ ಓಡಿದಳು. ಕರಿಬಸವಯ್ಯನ ಕಣ್ಣು ಬಾಗಿಲ ಮೇಲೇ ನೆಟ್ಟಿತ್ತು. ಎಡಗೈ ಎತ್ತಿ ಬೆರಳು ಚಾಚಿ, ಬಾಗಿಲ ಕಡೆಗೆ ತೋರಿಸಿದ. "ಬಾ. ಬಾ."

"ಅವಳನ್ನ ಕರೀಬೇಕಾ? ಕರೀತೀನಿ ಮಗಾ, ಈಗ್ಲೇ ಕರ್ಕೊಂಡು ಬರ್ತೀನಿ."

ಬರಿಗಾಲಲ್ಲಿ ರಸ್ತೆಗೆ ಇಳಿದಳು. ನಾಗಲಕ್ಷ್ಮಮ್ಮ ತಿರುವಿನ ತನಕ ಹೋಗಿದ್ದಳು. ಮುದುಕಿ ಸೆರಗು ಹಿಡಿದುಕೊಂಡು ಓಡಿ, ಕೂಗಿ, ಕೈ ಹಿಡಿದು, ರಸ್ತೆಯ ಜನರೆಲ್ಲ ನೋಡುತ್ತಿದ್ದಂತೆ ಬೇಡಿಕೊಂಡು ಅವಳನ್ನು ಕರೆತಂದಳು. ಮುಂದಿನ ಬಾಗಿಲಿಂದಲೇ ಒಳಗೆ ಕರೆದಳು, ತಮ್ಮನ ಹಾಸಿಗೆಯ ಪಕ್ಕದ ಕುರ್ಚಿಯಲ್ಲಿ ಕೂರಿಸಿದಳು. ಲಿಂಗ ಕಟ್ಟಿದ ತೋಳಿನ ಕಡೆಯೇ ಇತ್ತು ಆ ಕುರ್ಚಿ.

"ನೋಡು, ಬಂದಳು."

ಕರಿಬಸವಯ್ಯ ನಾಗಲಕ್ಷ್ಮಮ್ಮನನ್ನು ನೋಡಿದ. ಅವಳ ಮೊಣಕೈಯನ್ನು ಒಮ್ಮೆ ಮುಟ್ಟಿದ. ಆಮೇಲೆ ಅಕ್ಕನ ಕಡೆ ತಿರುಗಿ ಮತ್ತೆ ಬಾಗಿಲು ತೋರಿಸಿದ.

"ಇನ್ನೇನು ಬೇಕು ಮಗಾ? ನೀರಾ? ಪ್ರಸಾದನ್ನ ಕರೀಲಾ?"

ಬೆರಳು ಅಲುಗಲಿಲ್ಲ. ಅವಳು ಬಾಗಿಲ ಕಡೆ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ. ತಿರುಗಿ ತಮ್ಮನ ಮುಖ ನೋಡಿದಳು. ಆಗ ಅವಳಿಗೆ ತಿಳಿಯಿತು. ನಾಗಲಕ್ಷ್ಮಮ್ಮನಿಗೂ ತಿಳಿದು, ಅವಳು ಮುಖ ಕೆಳಗೆ ಹಾಕಿದಳು.

ಬಸವಲಿಂಗಮ್ಮ ಎದ್ದು, ಹೊಸಲು ದಾಟಿ, ಆಚೆ ಗೋಡೆಯ ಪಕ್ಕದಲ್ಲಿ ನಿಂತಳು. ಒಳಗಿಂದ ಕಾಣದ ಹಾಗೆ ನಿಂತು, ಎಷ್ಟೋ ಹೊತ್ತಿನ ಮೇಲೆ ಮೆಲ್ಲಗೆ ಇಣುಕಿದಳು. ಬಾಗಿಲು ತೋರಿಸುತ್ತಿದ್ದ ಕೈ ಇನ್ನೂ ಹಾಗೇ ಇತ್ತು.